ಅವ್ವನ್ನ ಕರಕೊಂಡು ವಿಟ್ಬಿಯೊಳಗಿನ ದೋಸ್ತನ ಮನಿಗೆ ಹೊಂಟೇನಿ, ಯಾರರ ಆ ಕಡೆ ಹೋಗೀರೇನು?

ಸಪ್ತಾಪುರ_ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ನಾ ಇಂಗ್ಲೆಂಡಿನ ರೆಡಿಂಗ್‌ನ್ಯಾಗ ಇರ್ತೀನಿ, ನಾಕು ವರ್ಷ ಆತು. ನನ್ನ ಹಾಸ್ಟೆಲ್ ರೂಮ್‌ಮೇಟ್ ಹೋದ ವರ್ಷ ಯಾರ್ಕ್‌ಶೈರ್ ಕಡೆ ವಿಟ್ಬಿ ಅನ್ನೋ ಊರಾಗ ಮನಿ ಮಾಡ್ಯಾನ, ಗಂಡ ಹೆಂಡ್ತಿ ಇಬ್ರೂ ದಿನಾ ಮಿಡಲ್ಸ್‌ಬರೋಕ್ಕ ಕಾರಿನ್ಯಾಗ ಹೋಗಿ ಬಂದು ಮಾಡ್ತಾರ, ಯಾಕಲೇ ಇಷ್ಟು ತ್ರಾಸು ಅಂದ್ರ "ಅಡಗಿಮನಿ ಕಿಡಕ್ಯಾಗ ಸಮುದ್ರ ಕಾಣ್ತದಲೇ" ಅಂತಾನ. ಈಗ ಅವ್ವ ಧಾರವಾಡದಿಂದ ಬಂದಾಳ, 66 ವಯಸ್ಸು, ಮೊಣಕಾಲ್ ನೋವದ, ಮೊಟ್ಟಿ ಸೈತ ತಿನ್ನಂಗಿಲ್ಲ. ಆಗಸ್ಟ್ ಎರಡನೇ ವಾರ ಮೂರು ರಾತ್ರಿ ಅಂತ ಮಾತಾಗೇದ. ಗಾಡಿ ಹೆಂಗ, ಏನು ಒಯ್ಬೇಕು, ಏನು ತಿನ್ಬೇಕು, ಅವ್ವಗ ಸಮುದ್ರಸ್ನಾನ ಮಾಡ್ಸಬಹುದೇನು (ಗೋಕರ್ಣದಾಗ ಮಾಡಿದ್ಲು, ಇಲ್ಲೂ ಮಾಡ್ತೀನಿ ಅಂತ ಹಟ ಹಿಡದಾಳ), ಮೂರು ರಾತ್ರಿ ಜಾಸ್ತಿ ಆಗ್ತದೇನು, ಗೊತ್ತಿದ್ದವ್ರು ಹೇಳ್ರಿ.

ಲೀಡ್ಸ್_ಅಕ್ಕ:
ಒಳ್ಳೆ ಊರಿಗೆ ಹೊರಟಿದ್ದೀರ. ನಾವು ಲೀಡ್ಸ್‌ನಿಂದ ವರ್ಷಕ್ಕೆರಡು ಸಲ ಹೋಗ್ತೀವಿ. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್‌ವರೆಗೂ ಎರಡು ಗಂಟೆ, ಅಲ್ಲಿಗೆ ಸುಖ ಮುಗೀತು. ಅಲ್ಲಿಂದ ಮುಂದಕ್ಕೆ ಎರಡು ದಾರಿ. ಒಂದು, ಮಿಡಲ್ಸ್‌ಬರೋಗೆ ಹೋಗಿ ಎಸ್ಕ್ ವ್ಯಾಲಿ ಲೈನ್ ಹಿಡಿಯೋದು, ಒಂದೂವರೆ ಗಂಟೆ, ದಿನಕ್ಕೆ ಬೆರಳೆಣಿಕೆಯಷ್ಟೇ ಗಾಡಿ, ತಪ್ಪಿದ್ರೆ ಅರ್ಧ ದಿನ ಹೋಯ್ತು. ಆದ್ರೆ ನದಿ ಪಕ್ಕದಲ್ಲೇ ಹೋಗುತ್ತೆ, ತುಂಬಾ ಚೆಂದ. ನಡುವೆ ಬ್ಯಾಟರ್ಸ್‌ಬಿ ಅಂತ ಒಂದು ಸ್ಟೇಷನ್ ಬರುತ್ತೆ, ಅಲ್ಲಿ ಡ್ರೈವರ್ ಇಳಿದು ಬ್ಯಾಗ್ ಹಿಡ್ಕೊಂಡು ಇನ್ನೊಂದು ತುದಿಗೆ ನಡ್ಕೊಂಡು ಹೋಗ್ತಾನೆ, ಗಾಡಿ ಬಂದ ಕಡೆಗೇ ವಾಪಸ್ ಹೊರಟ ಹಾಗಿರುತ್ತೆ, ಗಾಬರಿ ಆಗ್ಬೇಡಿ. ಮೊದಲ ಸಲ ನಮ್ಮ ಯಜಮಾನ್ರು ಲಗೇಜ್ ಇಳಿಸಿಬಿಟ್ಟಿದ್ರು.

ಇನ್ನೊಂದು, ಯಾರ್ಕ್‌ನಿಂದ 840 ನಂಬರಿನ ಬಸ್ಸು. ಎರಡು ಗಂಟೆ ಮೇಲೆ ಹಿಡಿಯುತ್ತೆ, ಆದ್ರೆ ಮಾಳಭೂಮಿ ಮೇಲೆ ಹೋಗುತ್ತಲ್ಲ, ಆಗಸ್ಟ್‌ನಲ್ಲಿ ಹೆದರ್ ಹೂ ಬಿಟ್ಟು ಕಣ್ಣು ಹಾಯಿಸಿದಷ್ಟು ದೂರ ನೇರಳೆ. ಅಮ್ಮನಿಗೆ ಮೊಣಕಾಲು ನೋವಿದ್ರೆ ಮೇಲಿನ ಮಹಡಿ ಹತ್ತಿಸ್ಬೇಡಿ, ಕೆಳಗೆ ಕಿಟಕಿ ಸೀಟಲ್ಲೇ ಕೂರಿಸಿ. ಮೊದಲು ಸ್ಕಾರ್ಬರೋ ಕಡೆಯಿಂದಲೂ ರೈಲಿತ್ತು, 1965ರಲ್ಲಿ ಮುಚ್ಚಿದ್ರು, ಈಗ ಆ ದಾರೀಲಿ ಜನ ಸೈಕಲ್ ಹೊಡೀತಾರೆ.

ಹಳೇ_ಗಿರಾಕಿ:
ರೆಡಿಂಗ್‌ನಿಂದ ಅಷ್ಟು ದೂರ ಯಾಕೆ ಗುರು, ಬ್ರೈಟನ್ ಇಲ್ವಾ, ಬೋರ್ನ್‌ಮತ್ ಇಲ್ವಾ. ಆ ಕಡೆ ಸಮುದ್ರ ಅಂದ್ರೆ ಫ್ರಿಜ್ ಬಾಗಿಲು ತೆಗೆದು ಮುಂದೆ ನಿಂತ್ಕೊಂಡ ಹಾಗೆ. ದುಡ್ಡು ದಂಡ.

ಲೀಡ್ಸ್_ಅಕ್ಕ:
@ಹಳೇ_ಗಿರಾಕಿ ಅವ್ರು ಸಮುದ್ರ ನೋಡಕ್ಕೆ ಹೋಗ್ತಿಲ್ಲ ಸ್ವಾಮಿ, ಸ್ನೇಹಿತನ ಮನೆಗೆ ಹೋಗ್ತಿದ್ದಾರೆ. ಮತ್ತೆ ಬ್ರೈಟನ್‌ನಲ್ಲಿ ಮರಳೆಲ್ಲಿದೆ, ಬರೀ ಗುಂಡುಕಲ್ಲು, ವಯಸ್ಸಾದವರು ಕಾಲಿಟ್ರೆ ಪಾದ ಉಳುಕುತ್ತೆ.

ಉಪ್ಪುನೀರು:
ನಾನು ಸ್ಕಾರ್ಬರೋದಲ್ಲಿದೀನಿ, ವಿಟ್ಬಿಯಿಂದ ಬಸ್ಸಲ್ಲಿ ಒಂದು ಗಂಟೆ. ಹೋಗೋ ದಾರಿ ಎಲ್ಲರೂ ಹೇಳ್ತಾರೆ, ನಾನು ಮನೆಯವರ ಕಡೆಯಿಂದ ನಾಲ್ಕು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸಮುದ್ರದ ಊರಲ್ಲಿ ಮನೆ ಮಾಡಿದ್ವಿ ಅಂತ ಗೊತ್ತಾದ ದಿನದಿಂದ ನಮ್ಮನೆ ಛತ್ರ ಆಗಿಹೋಗಿದೆ. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಒಂದು ವೀಕೆಂಡ್ ಕೂಡ ಖಾಲಿ ಇರಲ್ಲ. ಕಾಲೇಜಲ್ಲಿ ನನ್ನ ಹತ್ರ ಎರಡು ಮಾತಾಡಿರದವರೂ "ಏನೇ ಹೇಗಿದೀಯ, ಬೀಚ್ ಎಷ್ಟು ದೂರ" ಅಂತ ಮೆಸೇಜ್ ಮಾಡ್ತಾರೆ. ಹೋದ ವರ್ಷ ಒಂದು ಫ್ಯಾಮಿಲಿ ಮೂರು ದಿನ ಅಂತ ಬಂದು ಹನ್ನೊಂದು ದಿನ ಇದ್ರು.

ಇಲ್ಲಿಯ ಹಳೇ ಮನೆಗಳಲ್ಲಿ ಬಚ್ಚಲು ಒಂದೇ ಇರುತ್ತೆ. ಬಿಸಿನೀರಿನ ಟ್ಯಾಂಕ್ ಚಿಕ್ಕದು, ಇಬ್ಬರು ತಲೆಸ್ನಾನ ಮಾಡಿದ್ರೆ ಮೂರನೆಯವರಿಗೆ ತಣ್ಣೀರೇ ಗತಿ. ಬೀಚಿಂದ ಬಂದು ಮರಳು ಕಾಲಲ್ಲೇ ಬಾತ್‌ಟಬ್‌ಗೆ ಇಳಿದ್ರೆ ಪೈಪ್ ಕಟ್ಕೊಳುತ್ತೆ, ಹೊರಗೆ ಅಂಗಳದಲ್ಲೇ ಕಾಲು ತೊಳ್ಕೊಂಡು ಬನ್ನಿ. ಬೆಳಗ್ಗೆ ಎಂಟಕ್ಕೆ "ಇವತ್ತು ಏನು ಪ್ಲಾನ್" ಅಂತ ಕೇಳ್ಬೇಡಿ. ರಜ ನಿಮಗೆ, ನಮಗಲ್ಲ. ಒಂದು ಹೊತ್ತಿನ ಅಡಿಗೆ ನೀವೇ ಮಾಡಿ, ಹೊರಡೋ ದಿನ ಬೆಡ್‌ಶೀಟ್ ತೆಗೆದು ವಾಷಿಂಗ್ ಮಷಿನ್ ಮುಂದೆ ಇಡಿ. ಒಗ್ಗರಣೆ ಹಾಕೋ ಮುಂಚೆ ಕಿಟಕಿ ತೆಗೀರಿ, ಸಾಸಿವೆ ಸಿಡಿಯೋ ಹೊತ್ತಿಗೆ ಸ್ಮೋಕ್ ಅಲಾರಂ ಹೊಡ್ಕೊಂಡು ಪಕ್ಕದ ಮನೆ ಅಜ್ಜ ಡ್ರೆಸಿಂಗ್ ಗೌನಲ್ಲಿ ಬಂದು ನಿಂತಿದ್ರು ನಮ್ಮನೇಲಿ. ಮೂರು ರಾತ್ರಿ ಸರಿಯಾಗಿದೆ, ನಾಲ್ಕನೇದು ಅವರಾಗೇ ಬಾಯಿಬಿಟ್ಟು ಕರೆದ್ರೆ ಮಾತ್ರ.

ಹಳೇ_ಗಿರಾಕಿ:
@ಉಪ್ಪುನೀರು ಇಷ್ಟೊಂದು ಕಷ್ಟ ಆದ್ರೆ ಬರ್ಬೇಡಿ ಅನ್ನಿ ಮೇಡಂ. ಕರೆಯೋದೂ ನೀವೇ, ಬೈಯೋದೂ ನೀವೇ.

ಉಪ್ಪುನೀರು:
@ಹಳೇ_ಗಿರಾಕಿ ಬರ್ಬೇಡಿ ಅನ್ನೋ ಮನಸ್ಸಿದ್ರೆ ಇಷ್ಟುದ್ದ ಬರೀತಿದ್ನಾ? ಆಗಸ್ಟ್‌ನಲ್ಲಿ ಚಾಪೆ ಹಾಸಕ್ಕೆ ಜಾಗ ಇರಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಒಂದು ನರಪಿಳ್ಳೆ ಬರಲ್ಲ ಈ ಕಡೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆನೇ ಕತ್ತಲೆ, ಐಸ್‌ಕ್ರೀಮ್ ಅಂಗಡಿ ಎಲ್ಲ ಮುಚ್ಚಿರುತ್ತೆ, ಗಾಳಿಗೆ ಕಿಟಕಿ ಲಟಲಟ ಅಂತಿರುತ್ತೆ. ಕನ್ನಡದಲ್ಲಿ ಮಾತಾಡ್ಬೇಕು ಅಂದ್ರೆ ಫೋನೇ ಗತಿ. ಆಗ ಯಾರಾದ್ರೂ ಬರ್ಲಿ, ಹನ್ನೊಂದು ದಿನ ಅಲ್ಲ ಹನ್ನೊಂದು ವಾರ ಇಟ್ಕೋತೀನಿ.

ಮಲ್ಪೆ_ಮಾಣಿ:
ಸಮುದ್ರಸ್ನಾನದ ವಿಷಯಕ್ಕೆ ಬರುವ. ನಾನು ಹುಟ್ಟಿದ್ದೇ ಕಡಲ ಬದಿಯಲ್ಲಿ ಮಾರಾಯ್ರೆ, ಹಾಗಾಗಿ ನನಗೆ ಸೊಕ್ಕು ಜಾಸ್ತಿ ಇತ್ತು. ನ್ಯೂಕಾಸಲ್‌ನಲ್ಲಿ ಓದುವಾಗ ವಿಟ್ಬಿಗೆ ಹೋದದ್ದು, ಅಲ್ಲಿ ಹಳೇ ಚರ್ಚಿನ ಗುಡ್ಡೆಯ ಕೆಳಗೆ ಬಂಡೆ ಬಂಡೆ ಉಂಟು, ಅದರ ಮೇಲೆ ಹಾರಿಕೊಂಡು ಸಾಲ್ಟ್‌ವಿಕ್ ಕಡೆಗೆ ಹೊರಟೆ. ಫೋಟೊ ತೆಗೆಯುತ್ತಾ ಇದ್ದೆ, ದೂರದಲ್ಲಿ ನಾಯಿ ಹಿಡಿದುಕೊಂಡು ಹೋಗುವ ಒಬ್ಬ ಮುದುಕ ಬೊಬ್ಬೆ ಹಾಕುವುದು ಕೇಳಿತು, ನನಗಲ್ಲ ನಾಯಿಗೆ ಅಂತ ಗ್ರಹಿಸಿದೆ. ಮತ್ತೆ ತಿರುಗಿ ನೋಡುವಾಗ ಬಂದ ದಾರಿಯೇ ಇಲ್ಲ! ಮೊಣಕಾಲುದ್ದ ನೀರಿನಲ್ಲಿ ಜಾರಿ ಜಾರಿ ವಾಪಸು ಬಂದೆ, ಇನ್ನು ಹತ್ತು ಮಿನಿಟು ತಡ ಆಗಿದ್ದರೆ ಹಿಂದೆ ಕಡಿದಾದ ಕಲ್ಲು, ಮುಂದೆ ನೀರು. ಆ ಮುದುಕ ಬೈದದ್ದು ಈಗಲೂ ಕಿವಿಯಲ್ಲಿ ಉಂಟು.

ವಿಷಯ ಏನಂದ್ರೆ, ನಮ್ಮ ಮಲ್ಪೆಯಲ್ಲಿ ಭರತ ಇಳಿತ ಅಂದ್ರೆ ಹೆಚ್ಚೆಂದರೆ ಒಂದೂವರೆ ಮೀಟರು ವ್ಯತ್ಯಾಸ, ಚಾಪೆ ಸ್ವಲ್ಪ ಹಿಂದೆ ಎಳೆದುಕೊಂಡರೆ ಮುಗೀತು. ವಿಟ್ಬಿಯಲ್ಲಿ ಹುಣ್ಣಿಮೆ ಅಮಾಸೆ ಹೊತ್ತಿಗೆ ನಾಲ್ಕೂವರೆ ಮೀಟರು, ಒಂದೂವರೆ ಮಾಳಿಗೆ ಮನೆಯಷ್ಟು ನೀರು ಮೇಲೆ ಬಂದು ಕೆಳಗೆ ಹೋಗ್ತದೆ, ಅದೂ ದಿನಕ್ಕೆ ಎರಡು ಸಲ. ಸಮಯ ದಿನಾ ಐವತ್ತು ಮಿನಿಟಿನಷ್ಟು ಮುಂದೆ ಹೋಗ್ತದೆ, ಹಾಗಾಗಿ ನಿನ್ನೆಯ ಸಮಯ ಇವತ್ತಿಗೆ ಆಗುವುದಿಲ್ಲ. ಟೈಡ್ ಟೇಬಲ್ ನೋಡದೆ ಬೀಚಿಗೆ ಕಾಲಿಡಬೇಡಿ. ಸ್ನಾನ ಮಾಡುವುದಾದ್ರೆ ಪಶ್ಚಿಮದ ಬದಿಯ ಮರಳಿನಲ್ಲಿ, ಕೆಂಪು ಹಳದಿ ಬಾವುಟದ ನಡುವೆ, ಅಲ್ಲಿ ಲೈಫ್‌ಗಾರ್ಡ್ ಇರ್ತಾರೆ. ನೀರು ಆಗಸ್ಟಿನಲ್ಲೂ 14 ಡಿಗ್ರಿ ಹತ್ತಿರ ಅಷ್ಟೇ, ಅಮ್ಮನಿಗೆ ಪಾದ ಅದ್ದಿಸಿ ತಲೆಗೆ ನೀರು ಚಿಮುಕಿಸಿ, ಪುಣ್ಯ ಅಷ್ಟಕ್ಕೇ ಬರ್ತದೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ 999 ಒತ್ತಿ ಕೋಸ್ಟ್‌ಗಾರ್ಡ್ ಅಂತ ಕೇಳಿ, ಆಂಬುಲೆನ್ಸ್ ಪೋಲೀಸ್ ಅಲ್ಲ.

ಮತ್ತೊಂದು, ಈ ನೀರಿನ ಏರಿಳಿತದಿಂದಲೇ ಆ ಊರಿನ ಹಡಗುಗಳು ಹೆಸರುವಾಸಿ ಆದದ್ದು. ಕಲ್ಲಿದ್ದಲು ಹೊರುವ ಹಡಗಿನ ತಳ ಚಪ್ಪಟೆ ಮಾಡ್ತಿದ್ರು, ನೀರು ಇಳಿದಾಗ ಮರಳಿನ ಮೇಲೆ ನೆಟ್ಟಗೆ ಕೂತುಕೊಳ್ಳಲಿಕ್ಕೆ. ಕ್ಯಾಪ್ಟನ್ ಕುಕ್ ಪ್ರಪಂಚ ಸುತ್ತಿದ ಎಂಡೆವರ್ ಅಂಥದ್ದೇ ಹಡಗು, 1764ರಲ್ಲಿ ವಿಟ್ಬಿಯಲ್ಲೇ ಕಟ್ಟಿದ್ದು. 1770ರಲ್ಲಿ ಆಸ್ಟ್ರೇಲಿಯದ ಹವಳದ ಬಂಡೆಗೆ ಬಡಿದು ತೂತಾದಾಗ ದಡಕ್ಕೆ ಎಳೆದು ರಿಪೇರಿ ಮಾಡಲಿಕ್ಕೆ ಆದದ್ದು ಈ ಚಪ್ಪಟೆ ತಳದಿಂದಲೇ. ಕುಕ್ ಕೆಲಸ ಕಲಿಯಲಿಕ್ಕೆ ಅಂತ ಇದ್ದ ಮನೆ ಗ್ರೇಪ್ ಲೇನಿನಲ್ಲಿ ಉಂಟು, ಈಗ ಮ್ಯೂಸಿಯಂ. ಮಳೆ ಬಂದ್ರೆ ಅಲ್ಲಿಗೆ ಹೋಗಿ.

ಫಿಲ್ಟರ್_ಕಾಫಿ:
ಊಟದ ಬಗ್ಗೆ ಯಾರೂ ಮುಖ್ಯವಾದ್ದು ಹೇಳಿಲ್ಲ. "ಫಿಶ್ ಬೇಡ, ನಮಗೆ ಬರೀ ಚಿಪ್ಸ್ ಸಾಕು, ಆಲೂಗಡ್ಡೆ ತಾನೇ" ಅಂತ ತಗೋಬೇಡಿ!! ಯಾರ್ಕ್‌ಶೈರ್ ಕಡೆ ಬಹಳ ಅಂಗಡಿಗಳಲ್ಲಿ ಚಿಪ್ಸ್ ಕರಿಯೋದು ಬೀಫ್ ಡ್ರಿಪ್ಪಿಂಗ್‌ನಲ್ಲಿ, ಅಂದ್ರೆ ದನದ ಕೊಬ್ಬಲ್ಲಿ. ಅದೇ ಅಲ್ಲಿನ ರುಚಿ ಅಂತ ಹೆಮ್ಮೆಯಿಂದ ಬೋರ್ಡ್ ಕೂಡ ಹಾಕಿರ್ತಾರೆ. ನಮ್ಮತ್ತೆ ಮಾವ ಬಂದಾಗ ನನಗೆ ಗೊತ್ತಿರಲಿಲ್ಲ, ಬೆಂಚ್ ಮೇಲೆ ಕೂತು ಇಬ್ಬರೂ ಒಂದೊಂದು ಪೊಟ್ಟಣ ಖಾಲಿ ಮಾಡಿ "ನಮ್ಮೂರಲ್ಲಿ ಈ ಗರಿಗರಿ ಬರಲ್ಲ" ಅಂತ ಹೊಗಳಿದ್ರು, ತಿರುಗಿ ನೋಡಿದ್ರೆ ಬೋರ್ಡು. ಇವತ್ತಿನವರೆಗೂ ಹೇಳಿಲ್ಲ. ಹೇಳೋದೂ ಇಲ್ಲ. ನೀವು ಒಳಗೆ ಹೋಗಿ "ಎಣ್ಣೆ ಯಾವ್ದು, ವೆಜಿಟೇಬಲ್ ಆಯಿಲ್ಲಾ" ಅಂತ ಬಾಯಿಬಿಟ್ಟು ಕೇಳಿ, ಸಸ್ಯದ ಎಣ್ಣೇಲಿ ಕರಿಯೋ ಅಂಗಡಿಗಳೂ ಇವೆ, ಆದ್ರೆ ಮೀನು ಅದೇ ಬಾಣಲೀಲೇ ಕರಿದಿರ್ತಾರಾ ಅದನ್ನೂ ಕೇಳಿ.

ಮತ್ತೆ ಕಡಲಹಕ್ಕಿ. ಚಿಪ್ಸ್ ಕೈಲಿ ಹಿಡ್ಕೊಂಡು ರಸ್ತೇಲಿ ನಡೀಬೇಡಿ, ಹಿಂದಿನಿಂದ ಬಂದು ಕಿತ್ಕೊಂಡು ಹೋಗ್ತಾವೆ, ಕೋಳಿಗಿಂತ ದೊಡ್ಡ ಸೈಜು. ಗೋಡೆಗೆ ಬೆನ್ನು ಕೊಟ್ಟು ತಿನ್ನಿ. ಕಲ್ಲು ಗಿಲ್ಲು ಎಸೀಬೇಡಿ, 1981ರ ಕಾನೂನಿನ ಪ್ರಕಾರ ಅವಕ್ಕೆ ರಕ್ಷಣೆ ಇದೆ.

ಮಲ್ಪೆ_ಮಾಣಿ:
ಮೀನು ತಿನ್ನುವವರಿಗೆ ಒಂದು ಮಾತು. ಹಳೇ ಚರ್ಚಿಗೆ ಹತ್ತುವ ಮೆಟ್ಟಿಲಿನ ಬುಡದಿಂದ ಹೆನ್ರಿಯೆಟ್ಟಾ ಸ್ಟ್ರೀಟಿನ ಕಡೆ ಹೋದ್ರೆ 1872ರಿಂದ ನಡೆಯುವ ಒಂದು ಹೊಗೆಮನೆ ಉಂಟು, ಓಕ್ ಮರದ ಹೊಗೆಯಲ್ಲಿ ಹೆರಿಂಗ್ ಮೀನು ಒಣಗಿಸಿ ಕಿಪ್ಪರ್ ಮಾಡ್ತಾರೆ. ಆ ಪರಿಮಳಕ್ಕೆ ನನಗೆ ನಮ್ಮ ಅಜ್ಜಿಯ ಒಣಮೀನಿನ ಡಬ್ಬಿ ನೆನಪಾಗಿ ಕಣ್ಣಲ್ಲಿ ನೀರು ಬಂತು. ನಿಮ್ಮ ಅಮ್ಮನಿಗೆ ಬೇರೆ ಕಾರಣಕ್ಕೆ ಬರಬಹುದು, ಆ ಓಣಿ ತಪ್ಪಿಸಿ 😀

ಸಪ್ತಾಪುರ_ಹುಡುಗ:
ಭಾರಿ ಉಪಕಾರ ಆತು ಎಲ್ಲಾರ್ದೂ. ಬೀಫ್ ಡ್ರಿಪ್ಪಿಂಗ್ ಸುದ್ದಿ ಕೇಳಿ ಎದಿ ಧಸಕ್ ಅಂತು, ನಾಕು ವರ್ಷದಿಂದ ನಾ ಎಲ್ಲೆಲ್ಲೆ ಚಿಪ್ಸ್ ತಿಂದೇನಿ ಅಂತ ಲೆಕ್ಕಾ ಹಾಕ್ಲಿಕತ್ತೇನಿ. ಇನ್ನೊಂದು ಕೇಳೋದದ, ಮುಂದಿನ ವಾರ ನಮ್ಮ ಕಾಕಾ ಊರಿಂದ ಬರಾವ್ರಿದ್ದಾರ, ಅವ್ರ ಕಡೆ ದೋಸ್ತಗ ಎರಡು ಕೆಜಿ ಪೇಡಾ ತರಸ್ಲೇನು?

ಲೀಡ್ಸ್_ಅಕ್ಕ:
ಪೇಡ ತರಿಸ್ಬೇಡಿ. ಇಂಡಿಯಾದಿಂದ ಬರೋವಾಗ ಹಾಲಿನ ಪದಾರ್ಥ, ಮಾಂಸ ತರಂಗಿಲ್ಲ ಅಂತ ಇಲ್ಲಿ ನಿಯಮ ಇದೆ, ಏರ್‌ಪೋರ್ಟಲ್ಲಿ ಹಿಡಿದ್ರೆ ಕಣ್ಣೆದುರೇ ಡಬ್ಬಕ್ಕೆ ಹಾಕ್ತಾರೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಖಡಕ್ ರೊಟ್ಟಿ ತರಿಸಿ. ಅಲ್ಲಿ ಇಂಡಿಯನ್ ಅಂಗಡಿ ಬೇಕಂದ್ರೆ ಮಿಡಲ್ಸ್‌ಬರೋಗೇ ಹೋಗ್ಬೇಕು, ಹಾಗಾಗಿ ಪುಡಿ ನೋಡಿದ್ರೆ ಅವರಿಗೆ ಚಿನ್ನ ನೋಡಿದ ಹಾಗಾಗುತ್ತೆ.

ದಾರಿಹೋಕ_72:
ಸುಮ್ನೆ ಓದ್ತಾ ಇದ್ದೆ, ಒಂದು ಮಾತು ಸೇರಿಸ್ತೀನಿ. ಆ ಊರಲ್ಲಿ ಮನೆ ಅನ್ನೋದು ಅಲ್ಲಿನವರಿಗೇ ಸಿಗ್ತಿಲ್ಲ, ಹಳೇ ಮೀನುಗಾರರ ಮನೆಗಳೆಲ್ಲ ರಜಾದಿನದ ಬಾಡಿಗೆ ಮನೆ ಆಗಿವೆ. 2022ರಲ್ಲಿ ಊರಿನವರು ಓಟು ಹಾಕಿ, ಹೊಸದಾಗಿ ಕಟ್ಟೋ ಮನೆ ಅಲ್ಲೇ ವಾಸ ಮಾಡೋರಿಗೆ ಮಾತ್ರ ಹೋಗ್ಬೇಕು ಅಂದ್ರು, ಓಟು ಹಾಕಿದವರಲ್ಲಿ 100ಕ್ಕೆ 93 ಜನ ಹೌದು ಅಂದ್ರು. ಆದ್ರೆ ಅದು ಬರೀ ಅಭಿಪ್ರಾಯ ಅಷ್ಟೆ, ಕಾನೂನಿನ ಬಲ ಇಲ್ಲ. ನಿಮ್ಮ ಸ್ನೇಹಿತ ಅಲ್ಲೇ ವರ್ಷಪೂರ್ತಿ ಇದ್ದಾನೆ ಅಂದ್ರೆ ಅಕ್ಕಪಕ್ಕದವರಿಗೆ ಅದೇ ದೊಡ್ಡ ವಿಷಯ. ನೀವು ಹೋದಾಗ ರಾತ್ರಿ ಬೀದೀಲಿ ನಡೆದು ನೋಡಿ, ಎಷ್ಟು ಬಾಗಿಲ ಪಕ್ಕ ನಂಬರ್ ಒತ್ತೋ ಕೀ ಡಬ್ಬಿ ಇದೆ ಅಂತ.

ಫಿಲ್ಟರ್_ಕಾಫಿ:
ಒಂದು ಮರೆತೆ, ಗಾತ್ ವೀಕೆಂಡ್ (ಗಾತ್ ಅಂದ್ರೆ ಕಪ್ಪು ವೇಷ ಹಾಕೋ ಸಂಗೀತ ಪ್ರಿಯರು, ಅವರ ಹಬ್ಬ) ಸಮಯ ನೋಡ್ಕೊಳ್ಳಿ. 1994ರಿಂದ ನಡೀತಿದೆ, ಊರು ತುಂಬ ಕಪ್ಪು ಗೌನು, ಎತ್ತರದ ಟೋಪಿ, ಬಿಳಿ ಮುಖ. ಜನ ತುಂಬಾ ಒಳ್ಳೆಯವರು, ಅಜ್ಜಿಯರಿಗೆ ಕೈಹಿಡಿದು ಮೆಟ್ಟಿಲು ಹತ್ತಿಸ್ತಾರೆ, ಆದ್ರೆ ಮೊದಲೇ ಹೇಳಿಟ್ಟಿಲ್ಲ ಅಂದ್ರೆ ನಮ್ಮ ಹಿರಿಯರಿಗೆ ಎದೆ ಹೊಡ್ಕೊಳುತ್ತೆ. ಆಗಸ್ಟ್‌ನಲ್ಲಿ ಇರಲ್ಲ, ಆದ್ರೂ ಒಬ್ಬಿಬ್ಬರು ಕಾಣ್ತಾರೆ.

(ಎರಡು ವಾರದ ನಂತರ)

ಸಪ್ತಾಪುರ_ಹುಡುಗ:
ಹೋಗಿ ಬಂದ್ವಿ. ಉದ್ದ ಬರೀಲಿಕತ್ತೇನಿ, ಚಾ ಮಾಡ್ಕೊಂಡು ಕೂಡ್ರಿ.

ಯಾರ್ಕ್‌ವರೆಗೂ ಟ್ರೇನು, ಅಲ್ಲಿಂದ ದೋಸ್ತನ ಕಾರು. ಲೀಡ್ಸ್ ಅಕ್ಕಾರು ಹೇಳಿದ ನೇರಳೆ ಹೂವಿನ ಗುಡ್ಡ ನೋಡಿ ಅವ್ವ "ಇದಕ್ಕೆಲ್ಲಾ ನೀರು ಯಾರು ಹಾಕ್ತಾರೋ" ಅಂತ ಕೇಳಿದ್ಲು. ಊರು ಹತ್ರ ಬಂದಂಗ ಎದುರಿಗೆ ಬೆಳ್ಳಗ ಗೋಡಿ ನಿಂತಂಗ ಮಂಜು. ಫ್ರೆಟ್ ಅಂತಾರಂತ ಅದಕ್ಕ, ಒಳಗ ಎಲ್ಲಾ ಕಡೆ ಬಿಸಲು, ದಂಡಿಗೆ ಮಾತ್ರ ಮಂಜು. ದೋಸ್ತನ ಹೆಂಡ್ತಿ ಅವ್ವನ್ನ ಅಡಗಿಮನಿ ಕಿಡಕಿಗೆ ಕರಕೊಂಡು ಹೋಗಿ "ನೋಡ್ರಿ ಅತ್ತೀ, ಸಮುದ್ರ" ಅಂದ್ಲು, ಅಲ್ಲೆ ನೋಡಿದ್ರ ಬರೇ ಬಿಳಿ. ಅವ್ವ ಕಣ್ಣು ಸಣ್ಣ ಮಾಡಿ ಎರಡು ನಿಮಿಷ ನೋಡಿ "ಚೊಲೊ ಅದವಾ" ಅಂದ್ಲು. ಎಲ್ಲಾರೂ ನಕ್ಕಿದ್ದೇ ನಕ್ಕಿದ್ದು. ಸಂಜಿ ಪೂರ್ತಿ ಮನಿಯೊಳಗ ಕೂತು ಹಾಸ್ಟೆಲ್ ಸುದ್ದಿ, ಹರಟಿ. ಖರೆ ಹೇಳ್ಬೇಕಂದ್ರ ಆ ಮಂಜು ಛಲೋ ಮಾಡ್ತು, ಬಿಸಲು ಇದ್ದಿದ್ರ ಬ್ಯಾಗ್ ಒಗದು ಊರು ನೋಡ್ಲಿಕ್ಕೆ ಓಡತಿದ್ವಿ.

ಮರದಿನಾ ಟೈಡ್ ನೋಡಿದ್ವಿ (ಮಲ್ಪೆ ಅಣ್ಣಾರಿಗೆ ಸಾಷ್ಟಾಂಗ), ಹನ್ನೊಂದರ ಸುಮಾರಿಗೆ ನೀರು ಇಳೀತದ ಅಂತ ಇತ್ತು. ಸ್ಯಾಂಡ್ಸ್‌ಎಂಡ್‌ಗೆ ಕಾರಿನ್ಯಾಗ ಹೋಗಿ ಮರಳಿನ್ಯಾಗ ನಿಧಾನಕ ಅಡ್ಡಾಡಿದ್ವಿ. ಅವ್ವ ಸೀರಿ ಸ್ವಲ್ಪ ಮ್ಯಾಲೆ ಹಿಡದು ನೀರಾಗ ಕಾಲಿಟ್ಟ ಕೂಡಲೇ "ಅಯ್ಯ ಶಿವನ!" ಅಂತ ಒದರಿದ್ಲು. ಸ್ನಾನದ ಹಟ ಅಲ್ಲೇ ಮುಗೀತು. ಗಂಗೇಚ ಯಮುನೇಚೈವ ಅಂತ ಹೇಳಿ ಮೂರು ಸಲ ತಲಿಗೆ ನೀರು ಹಾಕ್ಕೊಂಡ್ಲು, ಪಕ್ಕದಾಗ ಒಂದು ಬಿಳಿ ಹುಡುಗಿ ನೋಡಿ ತಾನೂ ಹಂಗ ಮಾಡ್ತು.

ಈಗ ಮುಖ್ಯ ಸುದ್ದಿ. ದೋಸ್ತ ಕಲ್ಲಿನ ರಾಶಿಯೊಳಗ ಏನೋ ಹುಡುಕ್ಲಿಕತ್ತಿದ್ದ, ಕೈಯಾಗ ಒಂದು ಸಣ್ಣ ಕಲ್ಲು ಹಿಡ್ಕೊಂಡು ಬಂದಾ, ಲಿಂಬಿಹಣ್ಣಿನಷ್ಟು, ಕರೀದು, ಮ್ಯಾಲೆ ಸುರುಳಿ ಸುರುಳಿ ಗೆರಿ. ಅಮ್ಮೊನೈಟ್ ಅಂತ. 18 ಕೋಟಿ ವರ್ಷದ ಹಿಂದಿನ ಸಮುದ್ರದ ಜೀವಿ, ಅದರ ಚಿಪ್ಪು ಕಲ್ಲಾಗಿದ್ದು. ಅವ್ವಗ ತೋರಿಸ್ಲಿಕ್ಕೆ ಮುಂದ ಹಿಡದಾ. ಅವ್ವ ಕೈ ಹಿಂದ ತಗೊಂಡ್ಲು. "ಸಾಲಿಗ್ರಾಮ ಅಲ್ಲೇನೋ ಇದು" ಅಂದ್ಲು.

ನಮ್ಮದು ಮಾಧ್ವರ ಮನಿ. ದೇವರ ಪೆಟ್ಟಿಗಿಯೊಳಗ ಅಜ್ಜನ ಕಾಲದ್ದು ಐದು ಸಾಲಿಗ್ರಾಮ ಅವ. ಅಪ್ಪ ಮುಟ್ತಾರ, ನಾ ಮುಟ್ಟೇನಿ, ಹೆಣ್ಮಕ್ಳು ಮುಟ್ಟಂಗಿಲ್ಲ. ಅವ್ವ ನಲವತ್ತು ವರ್ಷ ದಿನಾ ಮಡಿ ನೀರು ತಂದಿಟ್ಟಾಳ, ಗಂಧ ತೇಯ್ದಾಳ, ತಟ್ಟಿ ತೊಳದಾಳ, ಕಲ್ಲು ಮಾತ್ರ ಮುಟ್ಟಿಲ್ಲ. ನಾ ಅಂದೆ, ಅವ್ವ ಗಂಡಕಿಯೊಳಗ ಸಿಗೋ ಸಾಲಿಗ್ರಾಮಾನೂ ಹಿಂಗ ಅಮ್ಮೊನೈಟನ ಅದ, ಆದ್ರ ಇದಕ್ಕ ಯಾರೂ ಪೂಜಾ ಮಾಡಿಲ್ಲ, ದಂಡಿಮ್ಯಾಲೆ ಬಿದ್ದ ಕಲ್ಲು. "ಹಂಗಾರ ಇದು ದೇವರಲ್ಲ?" ಅಂತ ಕೇಳಿದ್ಲು. ಏನು ಹೇಳ್ಬೇಕು ತಿಳೀಲಿಲ್ಲ, ಅಲ್ಲ ಅಂದೆ. ಆಮ್ಯಾಲೆ ತಗೊಂಡ್ಲು. ಬಟ್ಟಿನಿಂದ ಆ ಸುರುಳಿ ಮ್ಯಾಲೆ ಹೊರಗಿಂದ ಒಳಗ ಒಂದೊಂದ ಗೆರಿ ಮುಟ್ಕೋತ ಹೋದ್ಲು, ನಡುವಿನ ಚುಕ್ಕಿಗೆ ಬಂದು ನಿಲ್ಲಿಸಿದ್ಲು, ತಿರಗ್ಸಿ ಮತ್ತ ಹೊರಗಿಂದ. ಕಾರಿಗೆ ಬರೋತನಕ ಕೆಳಗ ಇಡ್ಲಿಲ್ಲ.

ದೋಸ್ತ ಮತ್ತೊಂದು ಕಥಿ ಹೇಳಿದಾ. ಆ ಹಳೇ ಚರ್ಚಿನ ಗುಡ್ಡದ ಮ್ಯಾಲಿನ ಆಬಿ (ಕ್ರೈಸ್ತರ ಮಠ) 657ರಾಗ ಸುರು ಮಾಡಿದಾಕಿ ಹಿಲ್ಡಾ ಅನ್ನೋ ಸನ್ಯಾಸಿನಿ. ಅಲ್ಲೆ ಹಾವು ಭಾಳ ಇದ್ದವಂತ, ಅಕಿ ಎಲ್ಲಾನೂ ಕಲ್ಲು ಮಾಡಿ ಗುಡ್ಡದಿಂದ ಕೆಳಗ ಒಗದ್ಲಂತ, ಅವ ಈ ಸುರುಳಿ ಕಲ್ಲು. ಹಿಂದಕಿನ ಮಂದಿ ಈ ಕಲ್ಲಿಗೆ ಹಾವಿನ ತಲಿ ಕೆತ್ತಿ ಪ್ರವಾಸಿಗರಿಗೆ ಮಾರತಿದ್ರು, ಊರಿನ ಲಾಂಛನದಾಗೂ ಮೂರು ಸುರುಳಿ ಹಾವು ಅವ. ಒಂದು ಜಾತಿ ಅಮ್ಮೊನೈಟ್‌ಗೆ ಹಿಲ್ಡೊಸೆರಾಸ್ ಅಂತ ಅಕಿ ಹೆಸರ ಇಟ್ಟಾರ. ಅವ್ವ ಎಲ್ಲಾ ಕೇಳಿ "ನಮ್ಮಲ್ಲಿ ವಿಷ್ಣು ಕಲ್ಲಾದ, ಇವರಲ್ಲಿ ಹಾವು" ಅಂದ್ಲು. ಕಲ್ಲು ಹುಡುಕೋರಿಗೆ ಒಂದು ಮಾತು, ಕೆಳಗ ಬಿದ್ದದ್ದು ಆರಿಸ್ರಿ, ಗುಡ್ಡ ಕೆತ್ತಬ್ಯಾಡ್ರಿ, ಅದು ಯಾವಾಗ ಕುಸೀತದ ಹೇಳಲಿಕ್ಕೆ ಬರಂಗಿಲ್ಲ.

ಮೂರನೇ ದಿನ 199 ಮೆಟ್ಲ. ಬ್ಯಾಡ ಅಂದ್ರೂ ಕೇಳ್ಲಿಲ್ಲ, "ಚಾಮುಂಡಿ ಬೆಟ್ಟದ್ದು ಸಾವಿರ ಹತ್ತೇನಿ" ಅಂದ್ಲು, ಅದು ಯಾವಾಗ, 1984ರಾಗ. ನಡುನಡುವ ಕೂಡ್ಲಿಕ್ಕೆ ಅಗಲ ಕಟ್ಟಿ ಅವ. ಅವ್ವ ಆರಾಮ ಕೂತು ಬೆವರು ಒರಸ್ಕೋತ "ಯಾರೋ ಪುಣ್ಯಾತ್ಮರು ಕಟ್ಸ್ಯಾರ" ಅಂದ್ಲು. ದೋಸ್ತ ಬಾಯಿ ಮುಚ್ಕೊಂಡು ಇರಬೇಕೋ ಬ್ಯಾಡೋ, "ಅತ್ತೀ, ಹೆಣ ಹೊತ್ತವ್ರು ಮ್ಯಾಲಿನ ಚರ್ಚಿಗೆ ಹೋಗೋವಾಗ ಪೆಟ್ಟಿಗಿ ಇಳಿಸಿ ದಣಿವಾರಿಸ್ಕೊಳ್ಳಲಿಕ್ಕೆ ಮಾಡಿದ್ದದು" ಅಂದಾ. ಅವ್ವ ಎದ್ದ ರಭಸಕ್ಕ ಮೊಣಕಾಲ್ ನೋವು ಎಲ್ಲಿ ಹೋತೋ ಗೊತ್ತಿಲ್ಲ, ಉಳದದ್ದು ಒಂದೇ ಉಸಿರಿಗೆ ಹತ್ತಿದ್ಲು. ನನ್ನ ಲೆಕ್ಕದಾಗ 197, ದೋಸ್ತಂದು 201, ಅವ್ವಂದು ಬರೋಬ್ಬರಿ 199. ಮ್ಯಾಲೆ ಆಬಿ, ಛಾವಣಿ ಇಲ್ಲ, ಬರೇ ಕಮಾನು, ಹಂಪಿ ಕಂಡಂಗಾತು ನನಗ. ಎಂಟನೇ ಹೆನ್ರಿ ಕಾಲದಾಗ 1539ಕ್ಕ ಮುಚ್ಚಿಸಿದ್ದು, 1914ರ ಡಿಸೆಂಬರ್‌ನ್ಯಾಗ ಜರ್ಮನ್ ಹಡಗು ಗುಂಡು ಹಾರಿಸಿದಾಗ ಮತ್ತಷ್ಟು ಬಿತ್ತಂತ.

ದಾರಿಹೋಕ_72:
ಸಾಲಿಗ್ರಾಮದ ಭಾಗ ಎರಡು ಸಲ ಓದಿದೆ. ಅದೇ ಆಬಿಯಲ್ಲಿ ಕ್ಯಾಡ್ಮನ್ ಅಂತ ಒಬ್ಬ ದನ ಕಾಯೋನಿದ್ದ, ಊಟದ ಹೊತ್ತಲ್ಲಿ ಹಾಡೋ ಸರದಿ ಬಂದಾಗ ನಾಚಿಕೊಂಡು ಎದ್ದು ಕೊಟ್ಟಿಗೆಗೆ ಹೋಗಿಬಿಡ್ತಿದ್ದನಂತೆ, ಕನಸಲ್ಲಿ ಯಾರೋ ಬಂದು ಹಾಡು ಅಂದ್ರು, ಹಾಡಿದ. ಹೆಸರು ಗೊತ್ತಿರೋ ಮೊದಲ ಇಂಗ್ಲಿಷ್ ಕವಿ ಅವನೇ. ಚರ್ಚ್ ಅಂಗಳದಲ್ಲಿ ಅವನ ಹೆಸರಿನ ಶಿಲುಬೆ ಇದೆ, ನೋಡಿರ್ತೀರಿ.

ಫಿಲ್ಟರ್_ಕಾಫಿ:
ಚಿಪ್ಸ್ ಸಿಕ್ತಾ? ಮತ್ತೆ ಪೇಡ ಕಥೆ ಏನಾಯ್ತು?

ಸಪ್ತಾಪುರ_ಹುಡುಗ:
ಚಿಪ್ಸ್ ಸಿಕ್ತು, ಎಣ್ಣಿ ಕೇಳೇ ತಗೊಂಡ್ವಿ. ನನ್ನ ಕೈಯಿಂದ ಎರಡು ಚಿಪ್ಸ್ ಹಕ್ಕಿ ಒಯ್ತು, ಗೋಡಿಗೆ ಬೆನ್ನು ಕೊಡೋದು ಮರತಿದ್ದೆ. ಪೇಡಾ ತರಸ್ಲಿಲ್ಲ. ಅದಕ್ಕ ಕಡೇ ದಿನ ಸಂಜಿ ಅವ್ವ ದೋಸ್ತನ ಅಡಗಿಮನಿ ತನ್ನ ತಾಬಾಕ್ಕ ತಗೊಂಡು ಆರು ಲೀಟರ್ ಹಾಲು ಕಾಯಿಸ್ಲಿಕ್ಕೆ ಇಟ್ಲು. ಮೂರು ತಾಸು. ಅಲಾರಂ ಎರಡು ಸಲ ಹೊಡಕೊಂತು, ಎರಡನೇ ಸಲ ದೋಸ್ತ ಖುರ್ಚಿ ಮ್ಯಾಲೆ ನಿಂತು ಟಾವೆಲ್‌ಲೇ ಬೀಸ್ಕೋತ ಇದ್ದಾ, ಅವ್ವ ಸೌಟು ಬಿಡ್ಲಿಲ್ಲ. ಬಂದದ್ದು ಇಪ್ಪತ್ತೆರಡು ಪೇಡಾ. ಧಾರವಾಡದ್ದಲ್ಲ ಬಿಡ್ರಿ, ಸ್ವಲ್ಪ ಹೊತ್ತಿತ್ತು. ಆಜೂಬಾಜೂ ಮನಿಗೆ ನಾಕು ಕೊಟ್ಲು. ನಾವು ಹೊಂಟಾಗ ಬೆಡ್‌ಶೀಟ್ ತಗದು ಮಷಿನ್ ಮುಂದ ಇಟ್ಟಿದ್ದಕ್ಕ ದೋಸ್ತನ ಹೆಂಡ್ತಿ "ನಿಮಗ ಯಾರು ಹೇಳಿಕೊಟ್ರು?" ಅಂತ ಕೇಳಿದ್ಲು, ನಾ ನಕ್ಕು ಸುಮ್ನಾದೆ.

ಅವ್ವ ಆ ಕಲ್ಲು ಧಾರವಾಡಕ್ಕ ಒಯ್ತೀನಿ ಅಂತ ಸೀರಿ ನಡುವ ಸುತ್ತಿ ಇಟ್ಕೊಂಡಾಳ. ಅಪ್ಪಗ ಫೋನ್‌ನ್ಯಾಗ ಹೇಳಿದ್ರ "ದೇವರ ಮನಿಯೊಳಗ ತರಬ್ಯಾಡ" ಅಂದ್ರು. ಅವ್ವ "ತರಂಗಿಲ್ಲ, ಟಿವಿ ಮ್ಯಾಲೆ ಇಡ್ತೀನಿ, ಇದು ನಂದು" ಅಂದ್ಲು.

ಮತ್ತ @ಉಪ್ಪುನೀರು ಅಕ್ಕಾರ, ನೀವು ಬರದದ್ದು ಓದಿದ ಮ್ಯಾಲೆ ದೋಸ್ತಗ ಕೇಳಿದೆ, ಥಂಡಿಯೊಳಗ ಯಾರರ ಬಂದಿದ್ರೇನಲೇ ಅಂತ. ಹೋದ ಡಿಸೆಂಬರ್‌ದಿಂದ ಮಾರ್ಚ್‌ತನಕ ಯಾರೂ ಬಂದಿಲ್ಲ ಅಂದಾ, ನಾನೂ ಎರಡು ಸಲ ಬರ್ತೀನಿ ಬರ್ತೀನಿ ಅಂದು ಹೋಗಿರ್ಲಿಲ್ಲ. ಜನವರಿ ಮೂರನೇ ವಾರಕ್ಕ ರಜಾ ಬರದೇನಿ, ಈ ಸಲ ನಾ ಒಬ್ಬನ.

ಹಳೇ_ಗಿರಾಕಿ:
ಜನವರೀಲಾ! ಫ್ರಿಜ್ ಒಳಗೇ ಹೋಗಿ ಕೂತ್ಕೋ ಗುರು.

ಉಪ್ಪುನೀರು:
ಜನವರೀಲಿ ಬರೋದಾದ್ರೆ ವಿಟ್ಬಿಯಿಂದ ಬಸ್ ಹಿಡಿದು ಸ್ಕಾರ್ಬರೋಗೂ ಬನ್ನಿ. ಸ್ನೇಹಿತನ್ನೂ ಅವರ ಮನೆಯವರನ್ನೂ ಕರ್ಕೊಂಡು ಬನ್ನಿ. ಬಿಸಿನೀರು ಮೂರನೆಯವರಿಗೂ ಇರುತ್ತೆ, ಆಗ ಮನೇಲಿ ಇರೋದು ನಾವಿಬ್ಬರೇ.